ನಲವತ್ತೊಂದನೇ ನಿಮಿಷ

ಅಂಚೆಯಲ್ಲಿ ಬಂತು. ಏಳು ಡಿಸ್ಕು, ಒಂದು ಡಬ್ಬ.
ಮೇಲೆ ಅದೇ ಹಡಗು, ಕಾಲು ಮಡಿಸಿ ಹಾರುವ ಕೊಕ್ಕರೆಯಂಥದು,
ಇಂಗ್ಲಿಷಿನಲ್ಲಿ ಅದರ ಹೆಸರೂ ಕೊಕ್ಕರೆಯೇ.
ಬಿಚ್ಚದೆ ಮೊಗ್ರಾಲಿಗೆ ತಂದೆ, ಅಂದುಂಞಿಯ ಮನೆಗೆ;
ಮೊದಲು ನೋಡಿದ್ದು ಅಲ್ಲಿ ಅಂದ ಮೇಲೆ
ಇನ್ನೊಮ್ಮೆ ನೋಡುವುದೂ ಅಲ್ಲೇ ಆಗಬೇಕು.

ಎಂಬತ್ತೇಳರಲ್ಲಿ ಅವನ ಅಪ್ಪ ಶಾರ್ಜಾದಿಂದ
ಎರಡು ಕಂಬಳಿಯ ನಡುವೆ ಮಲಗಿಸಿ ತಂದ ವಿಸಿಆರ್,
ಜೊತೆಗೆ ಅಲ್ಲಿಯ ಟಿವಿಯಿಂದ ಇಳಿಸಿಕೊಂಡ ಕ್ಯಾಸೆಟ್ಟು.
ಮಾತು ಇಂಗ್ಲಿಷು. ಕೆಳಗೆ ಅರಬಿ ಅಕ್ಷರ, ಬಲದಿಂದ ಎಡಕ್ಕೆ.
ಅಂದುಂಞಿ ಮದ್ರಸದ ಹುಡುಗ: ತಡವರಿಸಿ ಓದುತ್ತಿದ್ದ, ಅರ್ಥ ಗೊತ್ತಿಲ್ಲ.
ನಾನು ಕನ್ನಡ ಶಾಲೆಯ ಮಾಷ್ಟ್ರ ಮಗಳು:
ಹತ್ತು ಶಬ್ದಕ್ಕೆ ಒಂದು ತಿಳಿಯುತ್ತಿತ್ತು.
ಉಳಿದದ್ದನ್ನು ನಾವೇ ಮಾಡಿಕೊಂಡೆವು,
ಒಂದು ತುದಿ ಅವನ ಮಲಯಾಳ, ಒಂದು ತುದಿ ನನ್ನ ಕನ್ನಡ,
ಇಬ್ಬರು ಹಿಡಿದು ಒದ್ದೆ ಜಮಖಾನ ಹಿಂಡುವ ಹಾಗೆ.

ಕೊಕ್ಕರೆ ಇಳಿದ ಗ್ರಹಗಳೆಲ್ಲ ಒಂದೇ ಥರ:
ಗುಂಡಿ, ಧೂಳು, ನೆಟ್ಟಗೆ ಕಡಿದ ಗೋಡೆ.
ಶಾಲೆಯ ಹಿಂದಿನ ಮುರಕಲ್ಲ ಕೋರೆಯೇ ಅದು!
ನಾಲ್ಕಕ್ಕೆ ಬೆಲ್ಲು ಹೊಡೆದರೆ
ನಾಲ್ಕೂಕಾಲಿಗೆ ನಾವು ಬೇರೆ ಗ್ರಹದಲ್ಲಿ,
ತಲೆಗೆ ಪ್ಲಾಸ್ಟಿಕ್ ಬಾಲ್ದಿ, ಕೈಯಲ್ಲಿ ಕೊತ್ತಳಿಂಗೆಯ ಬಂದೂಕು.
ಕಲ್ಲು ಕಡಿಯುವವರು ನಮ್ಮನ್ನು ನೋಡಿ
ಬೀಡಿ ಹಚ್ಚುತ್ತಿದ್ದರು.

ಕೊನೆಯ ಕಂತು ಮಾತ್ರ ಪೂರ್ತಿ ಇರಲಿಲ್ಲ.
ಕರಿನಕ್ಷತ್ರದ ಬಾಯಿಗೆ ಹಡಗು ಜಾರುತ್ತಿದೆ,
ಕ್ಯಾಪ್ಟನ್ ಕಂಬಿ ಹಿಡಿದಿದ್ದಾನೆ, ಏನೋ ಹೇಳಲು ಬಾಯಿ ತೆರೆದ,
ಚರ್ರ್ ಎಂದು ಅಡ್ಡಗೆರೆ.
ತೆರೆದ ಬಾಯಿ ಮುಚ್ಚುವ ಮೊದಲೇ ಅಂದುಂಞಿಯ ಅಕ್ಕನ ಮದುವೆ!
ಖಾಲಿ ಕ್ಯಾಸೆಟ್ಟು ಸಿಗಲಿಲ್ಲವೆಂದು ಯಾರೋ
ವಿಡಿಯೋದವನಿಗೆ ಅದನ್ನೇ ಕೊಟ್ಟಿದ್ದರು.
ನಲವತ್ತೊಂದನೇ ನಿಮಿಷದಿಂದ ಬಿರಿಯಾನಿಯ ಹಂಡೆ,
ಒಪ್ಪನದ ಚಪ್ಪಾಳೆ, ಟ್ಯೂಬ್‌ಲೈಟಿನ ಸುತ್ತ ಹುಳ,
ನಡುವೆ ಬಂಗಾರ ಹೊತ್ತ ಖೈರುನ್ನಿಸ, ಹತ್ತೊಂಬತ್ತು ವರ್ಷ.
ನಾವು ತೀರ್ಮಾನಿಸಿದೆವು: ಹಡಗು ಬಚಾವಾಗಿದೆ.
ಊಟದ ಮೂರನೇ ಸಾಲಿನಲ್ಲಿ ಬೆನ್ನು ಹಾಕಿ ಕೂತವನು,
ನೋಡು, ಕ್ಯಾಪ್ಟನ್ನೇ.

ಈಗ ನಕ್ಷತ್ರಗಳು ತೊಳೆದಿಟ್ಟ ಹಾಗಿವೆ.
ಕೊಕ್ಕರೆಯನ್ನು ತೂಗಿಬಿಟ್ಟ ದಾರ ಕಾಣುತ್ತದೆ,
ರಾಕ್ಷಸನ ಬೆನ್ನಿನ ಜಿಪ್ಪೂ.
ಅರಬಿ ಇಲ್ಲ. ಅಂದುಂಞಿಗೆ ಓದಲು ಏನೂ ಇಲ್ಲ,
ಕನ್ನಡಕ ಒರೆಸುತ್ತಾನೆ, ಮತ್ತೆ ಒರೆಸುತ್ತಾನೆ.
ಹಿತ್ತಲ ಹಳಿಯಲ್ಲಿ ಮಂಗಳೂರಿನ ರೈಲು ಹೋದರೂ
ಚಿತ್ರ ಅಲುಗುವುದಿಲ್ಲ.
ನನಗೀಗ ಇಂಗ್ಲಿಷು ಪೂರಾ ತಿಳಿಯುತ್ತದೆ.
ಇವರು ಇಷ್ಟೇ ಹೇಳುತ್ತಿದ್ದದ್ದಾ?

ಕೊನೆಯ ಕಂತಿಗೆ ಖೈರುತ್ತ ಒಳಗಿನಿಂದ ಬಂದರು,
ಮಂಡಿ ಹಿಡಿದು ಕುರ್ಚಿಯ ತುದಿಯಲ್ಲಿ ಕೂತರು.
ಮೂವತ್ತೆಂಟು. ಮೂವತ್ತೊಂಬತ್ತು.
ತಲೆವಸ್ತ್ರ ಸರಿಮಾಡಿಕೊಂಡರು.
ನಲವತ್ತೊಂದಕ್ಕೆ ಕ್ಯಾಪ್ಟನ್ ಬಾಯಿ ತೆರೆದ,
ಮಾತಾಡಿದ. ಒಳ್ಳೆಯ ಮಾತೇ. ಹಡಗು ಉಳಿಯಿತು,
ಬ್ಯಾಂಡು ಬಾರಿಸಿತು, ಹೆಸರುಗಳು ಮೇಲಕ್ಕೆ ಹತ್ತಿ ಹೋದವು.
“ಇನ್ನು ನಾನು ಬರುವುದಾ?” ಎಂದು ಕೇಳಿದರು.

ಹಳೆಯದು ಅಟ್ಟದಲ್ಲಿತ್ತು, ಬೆಳ್ಳಗೆ ಬೂಷ್ಟು ಹಿಡಿದು.
ಉಪ್ಪಳದಲ್ಲೊಬ್ಬ, ಈಗ ಮೊಬೈಲಿಗೆ ಗ್ಲಾಸು ಹಾಕುವವನು,
ಗೇಣುಗೇಣಾಗಿ ಟೇಪು ಬಿಚ್ಚಿ ಹತ್ತಿಯಲ್ಲಿ ಒರೆಸಿದ, ಒಂಬತ್ತು ದಿನ.
“ಅರ್ಧ ಬಂದರೆ ನಿಮ್ಮ ಪುಣ್ಯ” ಅಂದ.

ಇರುವೆ ಮುತ್ತಿದಂಥ ಚಿತ್ರ.
ಹಡಗು ಜಾರಿತು. ಬಾಯಿ ತೆರೆಯಿತು.
ಚರ್ರ್.
ಹಂಡೆ. ಹುಳ. ಹಸುರಿಗೆ ತಿರುಗಿದ ಬಂಗಾರ.
ಖೈರುತ್ತ ಎದ್ದು ಹೋಗಿ ಬೆರಳಿಟ್ಟದ್ದು
ತನ್ನ ಮೇಲಲ್ಲ, ಊಟದ ಮೂರನೇ ಸಾಲಿನ ಮೇಲೆ:
“ಇವನು ಯಾರೆಂದು ಇವತ್ತಿಗೂ ಗೊತ್ತಿಲ್ಲ.
ಗಂಡಿನ ಕಡೆಯವನೆಂದು ನಾವು, ಹೆಣ್ಣಿನ ಕಡೆ ಎಂದು ಅವರು.
ಎರಡು ಸಲ ಬಡಿಸಿಕೊಂಡ.”