ಹೆಣ್ಣು ಪಣಪುಳಿಯ ಕಡ್ಡಿಗಳು

ಮಾಲ್ದಾರೆಯ ಬೊಳ್ಳವ್ವನ ತೋಟಕ್ಕೆ
ರಾತ್ರಿ ಹಲಸಿನ ವಾಸನೆ ಹಿಡಿದು ಬಂದ ಆನೆ
ಮೈ ತಿಕ್ಕಿಕೊಳ್ಳಲು ಆರಿಸಿದ್ದು ಪಣಪುಳಿ ಮರ.
ಬೆಳಿಗ್ಗೆ ಆರೂವರೆಗೆ ಫೋನು:
‘ಬಾ ಮಾರಾಯ್ತಿ, ಎಲೆ ಬಾಡುವ ಮೊದಲು.’

ಬೀಜ ಇಲ್ಲವೆಂದಲ್ಲ.
ಬೀಜದ ಗಿಡ ತಾನು ಗಂಡೋ ಹೆಣ್ಣೋ ಹೇಳಲು
ಹತ್ತು ವರ್ಷ ತೆಗೆದುಕೊಳ್ಳುತ್ತದೆ,
ಹೇಳಿದಾಗ ಅರ್ಧಕ್ಕರ್ಧ ಗಂಡು.
ಬೊಳ್ಳವ್ವನಿಗೆ ಈಗ ಎಪ್ಪತ್ತೊಂದು.
ಅವಳ ಮಡಕೆಯಲ್ಲಿ ಕಾಚಂಪುಳಿ ಕಪ್ಪಾಗುವುದು
ಈ ಮರದ ಹಣ್ಣಿಂದಲೇ;
ಬೇರೆ ಮರದ್ದಾದರೆ ಪಂದಿಕರಿ ಮುನಿಸಿಕೊಳ್ಳುತ್ತದಂತೆ.

ಒದ್ದೆ ಗೋಣಿಯಲ್ಲಿ ಅರವತ್ತು ಕಡ್ಡಿ.
ಜೀಪಿನ ಹಿಂದೆ ಕೂತ ಪೂವಿ ದಾರಿಯುದ್ದಕ್ಕೂ
ಹಾಲುವಾಣವನ್ನು ಹೊಗಳಿದಳೋ ಬೈದಳೋ:
ಬೇಲಿಗೆಂದು ಹುಗಿದ ಗೂಟ,
ತಲೆಕೆಳಗಾದರೂ ವಾರದಲ್ಲಿ ಚಿಗುರುತ್ತದೆ,
ಮರಕ್ಕೂ ಸ್ವಲ್ಪ ಬಿಂಕ ಬೇಡವಾ?
ಇದಕ್ಕೆ ಬಿಂಕವೇ ಬಂಡವಾಳ.

ಶೆಡ್ಡಿನ ಮೇಜಿನ ಮೇಲೆ ನಮ್ಮ ಔಷಧಿ ಅಂಗಡಿ:
ಸೀಳಿದ ಲೋಳೆಸರ, ಸಿಂಬಳದಂತೆ ಜಾರುವುದು;
ಹೊಳೆಬದಿಯ ನೀರುವಂಜಿಯ ಎಳೆ ರೆಂಬೆಗೆ
ಕುದಿನೀರು ಹೊಯ್ದು ಬಸಿದದ್ದು, ಚಹಾದ ಬಣ್ಣ;
ನುಗ್ಗೆ ಸೊಪ್ಪಿನ ರಸ; ಎಳನೀರು
(ಅರ್ಧ ಪೂವಿ ಕುಡಿದಳು,
‘ಯಾರ ಬೇರಿಗಾದರೂ ಆಗಲಿ’ ಅಂತ).
ಕೊನೆಗೆ ಗೋಣಿಕೊಪ್ಪಲಿನಿಂದ ತಂದ ಡಬ್ಬಿ,
ಐಬಿಎ, ಬಿಳಿ ಪುಡಿ, ಹಾರ್ಮೋನು.
ಜಾಸ್ತಿಯಾದರೆ ಬುಡ ಕಪ್ಪಗೆ ಸುಡುತ್ತದೆ,
ಕಡಿಮೆಯಾದರೆ ಕಡ್ಡಿಗೆ ಕೇಳಿಸುವುದೇ ಇಲ್ಲ.

ಓರೆಯಾಗಿ ಕೊಯ್ದೆ. ಪ್ರತಿ ಗಾಯದಲ್ಲೂ
ಹಳದಿ ಹಾಲು ಒಸರಿತು.
ಒರೆಸಿ, ಅದ್ದಿ, ಮರಳಲ್ಲಿ ಊರಿ
ಪ್ಲಾಸ್ಟಿಕ್ಕಿನ ಗುಡಾರ ಕಟ್ಟಿದೆವು.
ತಟ್ಟೆಗೊಂದು ಚೀಟಿ.

ಇಪ್ಪತ್ಮೂರನೆಯ ದಿನ ಒಂದನ್ನು ಎಳೆದು ನೋಡಿದೆ.
ನೋಡಬಾರದು. ಊರಿಗೆಲ್ಲ ಹಾಗೆ ಹೇಳುವವಳು ನಾನೇ.
ಬುಡದಲ್ಲಿ ಅನ್ನದ ಅಗುಳಿನಂಥ ಬಿಳಿ ಗಂಟು:
ಗಾಯ ಮಾಯಲು ಹೊರಟಿತ್ತು,
ಬೇರಾಗಲು ಇನ್ನೂ ಮನಸ್ಸು ಮಾಡಿರಲಿಲ್ಲ.
ಮತ್ತೆ ಊರಿದೆ. ಸತ್ತಿತು.

ಕಕ್ಕಡದ ಥಂಡಿ ಗುಡಾರದೊಳಗೂ ಬೆವರಿ
ಚೀಟಿಗಳ ಶಾಯಿ ತೊಳೆದುಕೊಂಡು ಹೋಯಿತು.
ಕನ್ಯಾರಿನಲ್ಲಿ ಎಣಿಸಿದರೆ ಒಂಬತ್ತು ಜೀವ.
ಯಾವುದು ಪುಡಿಯದು, ಯಾವುದು ವಂಜಿಯದು?
ಎಲ್ಲವೂ ಎಳನೀರಿನವು ಅನ್ನುತ್ತಾಳೆ ಪೂವಿ.

ಕಾಫಿಗೆ ಹೂಮಳೆ ಬೀಳುವ ಹೊತ್ತಿಗೆ
ಒಂಬತ್ತೂ ವಾಲಿದವು.
ಪಕ್ಕದ ಕೊಂಬೆಯ ಕಡ್ಡಿಗಳು;
ಬೇರು ಹೊಸದಾದರೂ ಹಳೆಯ ಚಾಳಿ ಬಿಡದೆ
ಪಕ್ಕಕ್ಕೇ ಚಾಚುತ್ತವೆ,
ಇಲ್ಲದ ಕಾಂಡದಿಂದ ದೂರಕ್ಕೆ.
ಅದಕ್ಕೆ ನನ್ನ ಯಾವ ಬಾಟಲಿಯಲ್ಲೂ ಮದ್ದಿಲ್ಲ.

ಹೇಳಿ ಬರೋಣವೆಂದು ಮಾಲ್ದಾರೆಗೆ ಹೋದೆ.
ಶಾಯಿಯ ಕತೆಯನ್ನೂ ಬಿಡದೆ ಹೇಳಿದೆ.
ಬೊಳ್ಳವ್ವ ಮಾತಾಡದೆ ಮರದ ಬಳಿ ಕರೆದೊಯ್ದಳು.
ಮುರಿದ ಮೋಟಿನಿಂದ,
ಆನೆ ಉಜ್ಜಿ ನಯವಾದ ತೊಗಟೆಯ ಸ್ವಲ್ಪ ಕೆಳಗೆ,
ಏಳು ಚಿಗುರು, ನೆಟ್ಟಗೆ, ದೊಣ್ಣೆ ಹಿಡಿದು ನಿಂತವರ ಹಾಗೆ.
ಮರವಾಗಿ ಬೆಳೆಯಬಲ್ಲ ಕಡ್ಡಿ ಅಂದರೆ ಇವೇ.
ಮುರಿಯದ ಮರದಲ್ಲಿ ಇವು ಸಿಗುವುದು ಅಪರೂಪ.

‘ಎಷ್ಟು ಬೇಕು?’
ಬ್ಲೇಡು ಆಗಲೇ ಕೈಯಲ್ಲಿತ್ತು.
‘ಮೂರು’ ಅಂದೆ.
‘ಎರಡು ತಗೋ’ ಅಂದಳು,
‘ಚೀಟಿ ಪೆನ್ಸಿಲಲ್ಲಿ ಬರಿ.’