ಖಾಲಿ ಮೊಳೆ

ಮೂರು ದಿನದ ತರಬೇತಿ.
ಬೆಟಗೇರಿಯ ನೇಕಾರರ ಸೊಸೈಟಿ, ಮ್ಯಾಗಿನ ಖೋಲಿ,
ಕೆಳಗ ಮಗ್ಗದ ಸದ್ದು, ಮ್ಯಾಲ ಹತ್ತೊಂಬತ್ತು ಮಂದಿ,
ಎದಿಗೆ ಪಿನ್ನು ಚುಚ್ಚಿದ ಹೆಸರಿನ ಚೀಟಿ.
ನನ್ನದು: ಫಕ್ಕೀರೇಶ ಹಡಗಲಿ, ‘ಸಾಹಯಕ’.

ದೀರ್ಘ ಒಂದು ಮನಿ ಮದಲ ಇಳದಿತ್ತು.
ಯಾರಿಗೂ ಹೇಳಲಿಲ್ಲ.
ಇಪ್ಪತ್ತಾರು ವರ್ಷ ಗದಗಿನ ಪ್ರೆಸ್ಸಿನ್ಯಾಗ
ಸೀಸದ ಮೊಳೆ ಜೋಡಿಸಿದ ಬೆರಳಿವು,
ಇಂಥಾವು ಕಣ್ಣಿಗೆ ಹರಳಿನಂಗ ಚುಚ್ಚತಾವ.

ಧಾರವಾಡದ ಮೆಹಜಬೀನ್ ಮೇಡಂ
ಎಲ್ಲಾರಿಗೂ ಒಂದೊಂದು ಕನ್ನಡಿ ಕೊಟ್ಟರು.
‘ಎಡಗೈಲೆ, ಕನ್ನಡಿ ಅಷ್ಟ ನೋಡಿಕೋತ
ನಿಮ್ಮ ತಾಯಿ ಹೆಸರು ಬರೀರಿ.’
ಬರಿಯೂ ಮುಂದ ಬೆನ್ನ ಹಿಂದ ನಿಂತು ಒದರಿದರು,
‘ಲಗೂ, ಲಗೂ! ಇಷ್ಟೂ ಬರೂದಿಲ್ಲ?
ಎಷ್ಟ ಸರತೆ ಹೇಳಬೇಕು ನಿಮಗ?’
ಪೀಟಿ ಮಾಸ್ತರ ಪೆನ್ಸಿಲ್ ಮುರದ.
ನರೇಗಲ್ಲಿನ ಶಾಂತವ್ವ ಟೀಚರ್
ತಾಯಿ ಹೆಸರಿನ ಮದಲನೇ ಅಕ್ಷರಕ್ಕ ಅಳಾಕ ಹತ್ತಿದರು.
ಆ ಮಾತು ತಮ್ಮವ ಅಂತ ಗುರ್ತ ಹಿಡದಿದ್ದರು ಅನಸ್ತದ.

ನಾ ಬರದು ಮುಗಿಸಿ ಕೈ ಕಟ್ಟಿ ಕುಂತಿದ್ದೆ.
ತಿರುವು ಮುರುವು ಅಕ್ಷರ ನನ್ನ ತವರುಮನಿ.
ಮೇಡಂ ಹಾಳಿ ನೋಡಿದರು, ನನ್ನ ಮಾರಿ ನೋಡಿದರು:
‘ನಿಮಗ ಇದು ತಾಗಲಿಲ್ಲ. ಬ್ಯಾರೆ ಕೊಡತೇನಿ.
ಏನರ ಕೇಳಿದ ಮ್ಯಾಲ ಹತ್ತು ಎಣಿಸ್ರಿ.
ಮನಸಿನ್ಯಾಗ. ತುಟಿ ಅಲಗದಂಗ.’

ಇಷ್ಟೇನಾ, ಅಂದೆ.
ಪೀಟಿ ಮಾಸ್ತರನ ಎದುರಿಗೆ ಕೂಡ್ರಿಸಿದರು, ಹುಡುಗನ ಪಾಟಿನ್ಯಾಗ.
‘ಚಾ ಬೇಕೋ, ಹಾಲು ಬೇಕೋ?’
ಒಂದು. ಎರಡು.
‘ಚಾ ತಾನ?’
‘ಮೂರಕ್ಕ ಮುರದ್ರಿ,’ ಅಂದರು ಮೇಡಂ.
ಮತ್ತೊಮ್ಮೆ. ನಾಲ್ಕಕ್ಕ.
ಹುಬ್ಬು ಏರಿಸಿದ್ದೂ ಮಾತ ಅಂತ, ಅದೂ ಲೆಕ್ಕಕ್ಕ ಬಂತು.

ರಾತ್ರಿ ಉಸ್ತಾದ ನೆನಪಾದ.
ಹೊಸದಾಗಿ ಸೇರಿದಾಗ ಕೇಳಿದ್ದೆ,
ಮಸಿ ಹತ್ತದ, ಅಚ್ಚು ಮೂಡದ
ಈ ಖಾಲಿ ಮೊಳೆ ಯಾಕ ಇಡತೀರಿ?
ಆಂವ ಮಾತಾಡಲಿಲ್ಲ.
ಕಟ್ಟಿದ ಸಾಲಿನ್ಯಾಗಿಂದ ನಾಲ್ಕು ಖಾಲಿ ಎಳದ,
ಲಗ್ನಪತ್ರಿಕೆ ಪೂರಾ, ವರನ ಅಪ್ಪನ ಹೆಸರು ಸುದ್ದಾ,
ಝಲ್ಲಂತ ನನ್ನ ಉಡಿಯಾಗ.

ಸೋಮವಾರ.
ಮುಳಗುಂದ ನಾಕಾದ ನಮ್ಮ ಶಾಲಿ, ಹನ್ನೊಂದರ ಹೊತ್ತು.
ಕಸ್ತೂರಿಗೆ ಹತ್ತೊಂಬತ್ತು ವರ್ಷ,
ಔಷಧ ಅಂಗಡಿಗೆ ಕಾಗದದ ಪಾಕೀಟು ಮಡಚತಾಳ,
ಮೂಲಿಗೆ ಮೂಲಿ ಕೂಡಿಸಿ, ನಾ ಮಡಚಿದ್ದಕ್ಕಿಂತ ನೆಟ್ಟಗ.
ಮಾತು ಕಡಿಮಿ. ಇಲ್ಲ ಅಂತನ ತಿಳಿದಿದ್ವಿ.

‘ಕಸ್ತೂರಿ, ಚಾ ಬೇಕೋ, ಹಾಲು ಬೇಕೋ?’
ಒಂದು.
ಎರಡು.
ನಾಲ್ಕಕ್ಕ ಆಕಿ ಬೆರಳು ಕಪ್ಪಿನ ಅಂಚಿಗೆ ಬಂತು.
ಏಳಕ್ಕ ಉತ್ತರ ನನ್ನ ನಾಲಿಗಿ ತುದಿಯೊಳಗ ತಯಾರಿತ್ತು,
ಹಲ್ಲು ಕಚ್ಚಿ ತಡದೆ.
ಹತ್ತು.
ಏನಿಲ್ಲ.
ಹತ್ತಾದ ಮ್ಯಾಲ ಏನಂತ ಮೇಡಂ ಹೇಳಿರಲಿಲ್ಲ.
ಹನ್ನೊಂದು. ಎಲ್ಲೋ ರೈಲು ಸಿಳ್ಳಿ ಹೊಡೀತು.
ಹನ್ನೆರಡು.
ಹದಿನಾಲ್ಕಕ್ಕ,
ಪಾಕೀಟಿನ ಮಡಿಕಿ ಬಿಡದ, ನನ್ನ ಕಡೆ ನೋಡದ,

‘ಎರಡೂ ಒಲ್ಲೆ.’

ಎರಡು ವರ್ಷ.
ಸೂಟಿ ಕಳದು ನಾನೂರಾ ಎಂಬತ್ತು ಕಪ್ಪು.
ಹಾಜರಿ ಪುಸ್ತಕದಾಗ ನನ್ನ ಅಕ್ಷರ, ದೀರ್ಘ ಎಲ್ಲಾ ಸರಿಯಾಗಿ:
‘ಕಸ್ತೂರಿ ಇವತ್ತೂ ಚಾ ಚೆಲ್ಲಿದಳು. ಹಟಮಾರಿ.’
‘ಕಸ್ತೂರಿ ಚಾ ಚೆಲ್ಲಿದಳು.’
‘ಚೆಲ್ಲಿದಳು. ಅವರ ಅವ್ವಗ ಹೇಳಬೇಕು.’
ಆಕಿ ಹೇಳತಿದ್ದಳು. ನೆಲದ ಮ್ಯಾಲ.
ನಾ ಅರಿವಿ ತಗೊಂಡು ಒರಸತಿದ್ದೆ.

ಮತ್ತ ಏನು ಬೇಕವ್ವಾ, ಅಂತ ಕೇಳಿ
ಬಾಜೂಕ ಕುಂತೇನಿ.
ಚಾ ಆರಿ ಕೆನಿ ಕಟ್ಟೇದ.
ಮೂವತ್ತೊಂದು. ಮೂವತ್ತೆರಡು.
ಬಾಗಲದಾಗ ಆಯಾ ರುದ್ರವ್ವ, ಸೊಂಟಕ್ಕ ಕೈ:
‘ಯಾಕೋ ಫಕ್ಕೀರಪ್ಪ, ಸುಮ್ಮ ಕುಂತೀಯಲ್ಲ,
ಕೆಲಸಗಿಲಸ ಇಲ್ಲೇನು?’
ತುಟಿ ಅಲಗಿಸೂ ಹಂಗಿಲ್ಲ,
ಬರೇ ಬೆರಳೆತ್ತಿ ತೋರಿಸಿದೆ, ತಡಿ.
ಮೂವತ್ತಾರು.