ಗಂಜಿಗೆ ಮುಂಚೆ, ಗಂಜಿಯ ಆಮೇಲೆ

ಮಾತು ಬೇಡ ಈಗ, ಎಂಡೆಲ್. ಉಸಿರು ಹಿಡಿ.
ಹೊಕ್ಕುಳಿಂದ ನಾಲ್ಕು ಬೆರಳು ಮೇಲೆ
ತಣ್ಣನೆ ಜೆಲ್ ಸವರಿ ಹುಡುಕುತ್ತಿದ್ದೇನೆ
ಕರುಳಿಗೆ ಇಳಿಯುವ ಧಮನಿ,
ಪೆನ್ಸಿಲಿನಷ್ಟು ದಪ್ಪ.
ಸಿಕ್ಕಿತು. ಕೇಳು:
ಶಕ್. ಆಮೇಲೆ ಏನಿಲ್ಲ.
ಶಕ್. ಆಮೇಲೆ ಏನಿಲ್ಲ.
ನಿನ್ನೆ ರಾತ್ರಿ ಎಂಟರಿಂದ ಉಪವಾಸ ನೀನು,
ಅರ್ಧ ಬಾಗಿಲೆಳೆದ ಅಂಗಡಿ ಒಳಗೆ.

ಲೀವಿ ಬಾರ್ಲಿ ಗಂಜಿ ತಂದಳು,
ಮುನ್ನೂರು ಗ್ರಾಂ, ತೂಗಿ, ಮೇಲೊಂದು ಉಂಡೆ ಬೆಣ್ಣೆ.
ತೂಗಿದ್ದಕ್ಕೆ ನಗು ನಿನಗೆ:
ಸೈಬೀರಿಯದಲ್ಲಿ ಅಮ್ಮ ಬ್ರೆಡ್ಡನ್ನು
ದಾರ ಎಳೆದು ಕೊಯ್ಯುತ್ತಿದ್ದಳಂತೆ,
ಚಾಕುವಾದರೆ ಪುಡಿ ಉದುರೀತೆಂದು.
ಆಗ ನಿನಗೆ ಆರು.
ಬಟ್ಟಲನ್ನು ಬೆರಳಲ್ಲಿ ಬಳಿದು ನೆಕ್ಕಿದೆ.
ಅದನ್ನು ಬರೆಯಲು ನಮೂನೆಯಲ್ಲಿ ಕಾಲಂ ಇಲ್ಲ.

ಇಪ್ಪತ್ತು ನಿಮಿಷ. ಮತ್ತೆ ಜೆಲ್.
ಶಕ್‌ಶೂಽಽ ಶಕ್‌ಶೂಽಽ
ಎರಡು ಬಡಿತದ ನಡುವೆ ಇದ್ದ ಬರಿದೆಲ್ಲ ತುಂಬಿದೆ,
ತಾರ್ತುವಿನ ನದಿ ಏಪ್ರಿಲಲ್ಲಿ ಹಿಮ ಒಡೆದಂತೆ.
ಮನೆಮಂದಿಯೆಲ್ಲ ಅಡುಗೆಮನೆಗೆ ಇಳಿದಿದ್ದಾರೆ,
ಮಹಡಿಯಲ್ಲಿ ದೀಪ ಮಂಕು.
ಆಕಳಿಸುತ್ತೀಯ. ಆಕಳಿಸು.

ಇನ್ನೊಂದು ಅಳತೆ ಬಾಕಿ.
ನಾಲಿಗೆಯಡಿ ಆ ಪುಟ್ಟ ಗುಳಿಗೆ, ಎದೆನೋವಿಗೆಂದು
ನಿನ್ನ ಜೇಬಿನ ಕಂದು ಶೀಶೆಯಲ್ಲಿರುವುದೇ.
ಅದಕ್ಕೆ ಪಾಲು ಮಾಡಲು ಬರದು, ನಿನ್ನಮ್ಮನ ಹಾಗೆ.
ಕಾಲು, ಕೈ, ಕುತ್ತಿಗೆ, ಎಲ್ಲಿ ನಾಳವೋ ಅಲ್ಲೆಲ್ಲ
ಚಿಲಕ ತೆಗೆದುಬಿಡುತ್ತದೆ.
ಇರುವ ರಕ್ತ ಅಷ್ಟೇ, ಐದು ಲೀಟರು.
ತೋಳಪಟ್ಟಿ ಹೇಳುತ್ತದೆ: ನೂರ ನಲವತ್ತು,
ನೂರ ಹದಿನೆಂಟು,
ತೊಂಬತ್ತಾರು.
ಸದ್ದು ತುಸು ಸಣ್ಣಗಾಯಿತು, ಆದರೂ ಕರುಳು
ತನ್ನ ಪಾಲು ಬಿಟ್ಟುಕೊಡುತ್ತಿಲ್ಲ.

ಹೀಗೇ ಆಗಿತ್ತಲ್ಲ ಆ ಭಾನುವಾರ.
ಮಗಳು ಬೇಯಿಸಿದ ಹಂದಿಮಾಂಸ, ಹುಳಿ ಎಲೆಕೋಸು,
ಎರಡನೇ ಸಲವೂ ಬಡಿಸಿಕೊಂಡೆ.
ಎದೆ ಹಿಡಿಯಿತೆಂದು ಗುಳಿಗೆ ಇಟ್ಟೆ.
ತಟ್ಟೆ ನಾನೇ ತೊಳೆಯುತ್ತೇನೆ ಎಂದು ಎದ್ದೆ,
ಸಿಂಕಿನ ಬುಡದಲ್ಲಿ ಸಿಕ್ಕೆ.
ಹುಬ್ಬಿನ ಮೇಲೆ ಏಳು ಹೊಲಿಗೆ.
ವಯಸ್ಸು, ಅಂದರು ಎಲ್ಲರೂ. ನೀನೂ ಅಂದೆ.

ಬರೆದುಕೊಡುತ್ತೇನೆ, ದಪ್ಪ ಅಕ್ಷರದಲ್ಲಿ, ಫ್ರಿಜ್ಜಿಗೆ ಅಂಟಿಸು:
ಕೊಂಚ ಕೊಂಚ ಉಣ್ಣು.
ಗುಳಿಗೆ ಇಡುವಾಗ ಕೂತಿರು.
ಉಂಡ ಮೇಲೆ ಒಂದು ಗಂಟೆ ತಟ್ಟೆ ಕಾಯಲಿ.

ತಲೆಯಾಡಿಸುತ್ತೀಯ, ಕೇಳಿಸಿಕೊಳ್ಳುತ್ತಿಲ್ಲ.
ಕಣ್ಣು ಸ್ಪೀಕರಿನ ಮೇಲೆ.
"ಆ ಎರಡನೆಯದು," ಅನ್ನುತ್ತೀಯ, "ಗಂಜಿ ಆದಮೇಲಿನದು,
ಅದನ್ನೊಮ್ಮೆ ಮತ್ತೆ ಹಾಕಮ್ಮ."

ಹೊರಗೆ ಮುಂದಿನವರು ಖಾಲಿ ಹೊಟ್ಟೆಯಲ್ಲಿ ಕಾಯುತ್ತಿದ್ದಾರೆ.
ಹಾಕಿದೆ.